ಐರಾಣಿ ಗಡಿಗೆಯ ಎಂಟು ತೂತು

ಆ ದಿನ ಸೋಮವಾರ. 2005ರ ಫೆಬ್ರವರಿ. ಆ ದಿನದವರೆಗೆ ಎಲ್ಲ ಸರಿಯಾಗಿತ್ತು ಎಂದು ನಾನು ಬಹಳ ದಿನ ತಿಳಿದಿದ್ದೆ.

ನಮ್ಮ ಮನೆಯವರ ಹೆಸರು ಶಂಕರಲಿಂಗ. ಹುಮನಾಬಾದಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಲ್ಯಾಬಿನ ಅಟೆಂಡರ್ ಆಗಿದ್ದರು. ನಮ್ಮ ಮನೆ ಹುಡಗಿ ಊರಲ್ಲಿ. ದಿನಾ ಒಂಬತ್ತಕ್ಕೆ ಟೆಂಪೊ ಹಿಡಿದು ಹೋಗುತ್ತಿದ್ದರು. ಆಗ ಹುಡುಗರ ಪ್ರಾಕ್ಟಿಕಲ್ ಪರೀಕ್ಷೆ ನಡೆದಿತ್ತು. ಉಳ್ಳಾಗಡ್ಡಿಯ ತೆಳ್ಳನೆಯ ಪೊರೆ ಬಿಡಿಸಿ ಗಾಜಿನ ಮೇಲೆ ಹರವಿ ಕೊಡುವುದು ಇವರ ಕೆಲಸ. ಅದನ್ನು ಯಾವಾಗಲೂ ಕಾಲೇಜಿನಲ್ಲೇ, ತಮ್ಮ ಕೈಯಾರೆ ಮಾಡುವವರು. ಅವತ್ತು ಉಳ್ಳಾಗಡ್ಡಿ ತಂದು ಒಲೆಯ ಮುಂದೆ ನನ್ನ ಹತ್ತಿರ ಕುಳಿತರು.

"ಸುಂದರಾ, ಇವತ್ತ ನೀ ಸುಲಿ. ನಿನಗ ಬರ್ತದೇನು ನೋಡೋಣು."

"ನನಗ ರೊಟ್ಟಿ ಬಡಿಯೋದದ. ನಿಮ್ಮ ಕಾಲೇಜಿನ ಕೆಲಸ ನಾ ಯಾಕ ಮಾಡ್ಲಿ?"

"ಇಪ್ಪತ್ತ ವರ್ಷ ಉಳ್ಳಾಗಡ್ಡಿ ಹೆಚ್ಚೀದಿ. ಒಮ್ಮೆರೆ ಅದರ ಪೊರಿ ಬಿಡಿಸೀದೇನು?"

ಹೇಗೆಂದು ಹೇಳಿಕೊಟ್ಟರು. ಒಂದು ಪದರು ತೆಗೆದು ಹಿಮ್ಮುಖ ಮಾಡಿ ಲಟಕ್ಕನೆ ಮುರಿಯಬೇಕು. ಒಳಮಗ್ಗುಲಿನ ಪೊರೆ ತಾನೇ ಎದ್ದು ಬರುತ್ತದೆ. ಉಗುರಿನಿಂದ ಎಳೆದು ನೀರಿಗೆ ಬಿಡಬೇಕು. ಮಡಿಕೆ ಬೀಳಬಾರದು. ಮೊದಲಿನ ನಾಲ್ಕು ಹರಿದವು. ಆಮೇಲೆ ಬಂದವು. ಸ್ಟೀಲಿನ ಡಬ್ಬಿಯಲ್ಲಿ ನೀರು ಹಾಕಿ ಒಂದು ಇಪ್ಪತ್ತು ಪೊರೆ ಬಿಡಿಸಿ ಕೊಟ್ಟೆ. ಹೊರಡುವಾಗ ಅಂಗಿಯ ಗುಂಡಿ ಹಾಕು ಎಂದರು.

"ಏನ್ರೀ, ಹೊಸ ಮದುಮಗ ಆಗೀರೇನು?"

"ಹಳೇ ಮದುಮಗಗ ಹಾಕಬಾರದಂತ ಎಲ್ಲೆರೆ ಬರದದೇನು?"

ಹಿಟ್ಟಿನ ಕೈ ಒರೆಸಿಕೊಂಡು ಐದೂ ಗುಂಡಿ ಹಾಕಿದೆ. ಸಂಜೆ ಬಂದು, "ನಲವತ್ತು ಹುಡುಗರು ನೀ ಸುಲದದ್ದು ನೋಡ್ಯಾರ," ಎಂದರು. ನನಗೆ ಹೆಮ್ಮೆಯಾಯಿತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು.

ಮರುದಿನ ಅವರ ಕೈಯಿಂದ ಸ್ಲೈಡಿನ ಪೆಟ್ಟಿಗೆ ಬಿತ್ತು. ಹದಿನೈದು ವರ್ಷ ಕೂಡಿಸಿಟ್ಟ ಗಾಜು ಎಲ್ಲ ಪುಡಿ. ಜೀವಶಾಸ್ತ್ರ ಕಲಿಸುವ ಅಜೀಮುದ್ದೀನ್ ಸರ್ ಇವರನ್ನು ಸ್ಕೂಟರಿನ ಮೇಲೆ ಮನೆಗೆ ಕರೆತಂದರು. ಬಲಗೈಯ ಹೆಬ್ಬೆರಳು ಮೇಲೆ ಏಳುತ್ತಿರಲಿಲ್ಲ.

ನಮ್ಮ ಮನೆಯವರು ಹುಟ್ಟಿದ್ದು ಹುಡಗಿಯಲ್ಲೇ. ಓದಿದ್ದು ಏಳನೆಯ ತನಕ. 1989ರಲ್ಲಿ ಕಾಲೇಜಿಗೆ ಪ್ಯೂನ್ ಆಗಿ ಸೇರಿದರು. ಲ್ಯಾಬಿಗೆ ಯಾರೂ ಹೋಗಲು ಒಪ್ಪಲಿಲ್ಲ. ಕಪ್ಪೆಯ ವಾಸನೆ. ಇವರನ್ನು ಹಾಕಿದರು. ಮೊದಲ ತಿಂಗಳು ಮನೆಗೆ ಬಂದರೆ ಉಣ್ಣುತ್ತಿರಲಿಲ್ಲ. ಆಮೇಲೆ ಅದೇ ಕೆಲಸ ಅವರನ್ನು ಹಿಡಿಯಿತು. ಸೂಕ್ಷ್ಮದರ್ಶಕವನ್ನು ತಮ್ಮ ಧೋತ್ರದ ತುಂಡಿನಿಂದ ಒರೆಸುತ್ತಿದ್ದರು. ಅವರು ಕೂಡಿಸಿದ ಗಾಜಿನಲ್ಲಿ ಒಂದೂ ಗಾಳಿಗುಳ್ಳೆ ಇರುತ್ತಿರಲಿಲ್ಲ ಎಂದು ಸರ್ ಎಲ್ಲರ ಮುಂದೆ ಹೇಳುತ್ತಿದ್ದರು.

ಒಂದು ರವಿವಾರ ನನ್ನನ್ನೂ ಕರೆದೊಯ್ದು ತೋರಿಸಿದರು. ಒಂದು ಕಣ್ಣು ಮುಚ್ಚಿ ನೋಡಿದೆ. ಇಟ್ಟಂಗಿಯ ಗೋಡೆ ಕಟ್ಟಿದ ಹಾಗೆ ಇತ್ತು. ಒಂದೊಂದು ಇಟ್ಟಂಗಿಯಲ್ಲಿ ಒಂದೊಂದು ಕೆಂಪು ಚುಕ್ಕೆ. ಇಟ್ಟಂಗಿಗೆ ಕೋಶ ಎನ್ನುತ್ತಾರೆ, ಚುಕ್ಕೆಗೆ ನ್ಯೂಕ್ಲಿಯಸ್ ಎನ್ನುತ್ತಾರೆ ಎಂದರು. ಅವರು ಮಾತ್ರ ಕಡೆಯ ತನಕ ಅದನ್ನು ಚುಕ್ಕಿ ಎಂದೇ ಕರೆದರು.

2004ರ ಡಿಸೆಂಬರಿನಲ್ಲಿ ಬಸವಕಲ್ಯಾಣದಲ್ಲಿ ವಿಜ್ಞಾನ ಪ್ರದರ್ಶನ ಇತ್ತು. ಆ ಚುಕ್ಕೆಯ ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ, ಅದನ್ನು ತೋರಿಸುವ ಒಂದು ಮಾಡೆಲ್ ಮಾಡು ಎಂದು ಸರ್ ಇವರಿಗೆ ಹೇಳಿದರು. ಅವತ್ತು ಉಣ್ಣುವಾಗ ಇವರ ಬಾಯಲ್ಲಿ ಅದೇ ಮಾತು.

"ಚುಕ್ಕಿ ಸುತ್ತ ಪೊರಿ ಅದ. ಆ ಪೊರಿಗೆ ತೂತ ಅದಾವಂತ. ಸಾವಿರಾರು."

"ತೂತ ಇದ್ರ ಎಲ್ಲಾ ಸೋರಂಗಿಲ್ಲೇನ್ರಿ?"

"ಅದನ್ನೇ ನಾನೂ ಕೇಳ್ದೆ. ಖಾಲಿ ತೂತ ಅಲ್ಲಂತ. ಒಳಗ ನೂಲಿನಂಥಾದ್ದು ಗಿಜಿಗಿಜಿ ತುಂಬೇದ. ಸಣ್ಣವು ತಾವೇ ನುಸುಳತಾವ. ದೊಡ್ಡವು ಅಲ್ಲೇ ನಿಂದರತಾವ."

"ನಿಂತು ಏನ್ ಮಾಡ್ತಾವ?"

"ಹಮಾಲ ಬರ್ತಾನ."

ಮಗಳು ರೂಪಾಲಿ ನಕ್ಕಳು. ಅವಳು ಆಗ ಹತ್ತನೆಯಲ್ಲಿದ್ದಳು. ಇವರು ನಗಲಿಲ್ಲ.

"ನಗಬ್ಯಾಡ. ದೊಡ್ಡ ಮಾಲಿನ ಮೈಮ್ಯಾಗ ಗುರ್ತು ಇರ್ತದ. ಮ್ಯಾಲ ಹಚ್ಚಿದ ಚೀಟಿ ಅಲ್ಲ, ಅದರ ಮೈಯಾಗೇ ಇರೋ ಗುರ್ತು. ಆ ಗುರ್ತು ಹಿಡದು ಹಮಾಲ ತೂತಿನಾಗ ಹಾಯಿಸಿ ಒಳಗ ಒಯ್ತಾನ. ಒಳಗ ಇನ್ನೊಂದು ಸಣ್ಣದು ಬಂದು ಹಮಾಲಗ ಅಂಟತದ. ಅಂಟಿದ ಕೂಡ್ಲೇ ಮಾಲು ಕೈ ಬಿಡತದ. ಅಂವ ಆ ಸಣ್ಣದನ್ನ ಕಟಗೊಂಡು ಹೊರಗ ಬರ್ತಾನ, ಹೊರಗ ಅದನ್ನ ಬಿಡ್ತಾನ, ಮತ್ತ ಮಾಲಿಗೆ ತಯಾರ್."

"ಮತ್ತ ಒಳಗಿನದು ಹೊರಗ ಬರೋದು?"

"ಅದಕ್ಕ ಬ್ಯಾರೆ ಗುರ್ತು, ಬ್ಯಾರೆ ಹಮಾಲ. ಒಳಗ ಮೂಲ ಬರಹ ಅದ. ಮೈ ಹ್ಯಾಂಗ ಕಟ್ಟಬೇಕು ಅನ್ನೋ ಬರಹ. ಅದು ಹೊರಗ ಬರಂಗಿಲ್ಲ. ಅದರ ನಕಲು ಬರ್ತದ. ನಕಲು ನೋಡಿ ಹೊರಗಿನವು ಕೆಲಸ ಮಾಡ್ತಾವ."

"ಪಹಣಿ ಇದ್ಹಂಗ. ಮೂಲ ತಹಸೀಲ್ ಕಚೇರಿಯಾಗ, ನಮ್ಮ ಕೈಗೆ ನಕಲು."

"ಬರೋಬರಿ!" ಎಂದು ತಾಟಿನ ಮೇಲೆ ಬಡಿದರು. ನಮ್ಮ ಸರ್‌ಗೂ ಇದು ಹೊಳೆದಿಲ್ಲ ನೋಡು ಎಂದರು. ಇಪ್ಪತ್ತು ವರ್ಷದಲ್ಲಿ ನನ್ನ ಮಾತಿಗೆ ಅವರು ತಾಟು ಬಡಿದದ್ದು ಅದೊಂದೇ ಸಲ.

ಮಾಡೆಲ್ ಮಣ್ಣಿನ ಗಡಿಗೆಯಲ್ಲಿ ಮಾಡಬೇಕು ಎಂದರು. ಗಡಿಗೆ ಎಂದರೆ ಚುಕ್ಕೆ. ಸಂತೆಯಿಂದ ಒಂದು ತಂದು ನೀರಲ್ಲಿ ನೆನೆಸಿ, ಬಡಿಗೇರರ ಕೈಡ್ರಿಲ್ ಹಚ್ಚಿದರು. ಒಡೆಯಿತು. ಎರಡನೆಯದು ತಂದರು. ಅದೂ ಒಡೆಯಿತು. ಮೂರನೆಯದಕ್ಕೆ ಎರಡು ತೂತು ಬಿದ್ದವು, ಮೂರನೆಯ ತೂತಿಗೆ ಬಾಯಿಯಿಂದ ತಳದವರೆಗೆ ಸೀಳಿತು.

"ಅವ್ವಾ, ಅಪ್ಪ ಕುಂಬಾರನ ವ್ಯಾಪಾರ ಬೆಳಸಾಕತ್ತಾನ," ಎಂದಳು ರೂಪಾಲಿ.

ಅವರು ಚೂರುಗಳ ನಡುವೆ ಕುಳಿತರು. ಸಂತೆಯ ಗಡಿಗೆ ತೆಳ್ಳಗೆ, ಸರಿಯಾಗಿ ಬೆಂದಿಲ್ಲ ಎಂದರು. ಆಮೇಲೆ ಗೋಡೆಯೊಳಗಿನ ಮಾಡದ ಕಡೆ ನೋಡಿದರು. ಅಲ್ಲಿ ನಮ್ಮ ಐರಾಣಿ ಗಡಿಗೆ ಇತ್ತು. ಮದುವೆಯಲ್ಲಿ ಕುಂಬಾರರ ಮನೆಯಿಂದ ಹಾಲಗಂಬ ನೆಡುವ ಹೊತ್ತಿಗೆ ತಂದು ಪೂಜೆ ಮಾಡುವ, ಸುಣ್ಣ ಕೆಮ್ಮಣ್ಣಿನ ಗೆರೆ ಬರೆದ ಗಡಿಗೆ. ಅದು ನೆಟ್ಟಗಿದ್ದರೆ ಸಂಸಾರ ನೆಟ್ಟಗಿರುತ್ತದೆ ಎಂದು ನಂಬಿಕೆ. ನಾನು ಅದರಲ್ಲಿ ದೀಪದ ಬತ್ತಿ ಇಡುತ್ತಿದ್ದೆ. ದಪ್ಪ ಗಡಿಗೆ. ಚೆನ್ನಾಗಿ ಬೆಂದದ್ದು.

ಅವರು ಬಾಯಿ ಬಿಟ್ಟು ಕೇಳಲಿಲ್ಲ. ಬರೀ ನೋಡಿದರು. ನಾನೇ ಬತ್ತಿ ತೆಗೆದಿಟ್ಟು, ಗಡಿಗೆ ಇಳಿಸಿ ಕೊಟ್ಟೆ. ಅವರ ಆ ಮುಖ ನೋಡಲು ಆಗಲಿಲ್ಲ. ಅಷ್ಟೇ ಕಾರಣ.

"ಬ್ಯಾಡ ಬಿಡು ಸುಂದರಾ. ಅಕ್ಕಗ ಗೊತ್ತಾದ್ರ ಸುಮ್ನ ಬಿಡಂಗಿಲ್ಲ."

"ಅಕ್ಕ ಬಸವಕಲ್ಯಾಣದಾಗ ಇರ್ತಾಳ. ಗಡಿಗಿ ಹುಡಗ್ಯಾಗ ಅದ. ಮಾಡ್ರಿ."

ಪ್ರದರ್ಶನ ಬಸವಕಲ್ಯಾಣದಲ್ಲೇ ಎನ್ನುವುದು ಇಬ್ಬರಿಗೂ ನೆನಪಾಗಲಿಲ್ಲ.

ಅವತ್ತು ಡ್ರಿಲ್ ನನ್ನ ಕೈಗೆ ಕೊಟ್ಟರು. "ನೀ ತಿರುವು, ನಾ ಹಿಡೀತೀನಿ," ಎಂದರು. ಗಡಿಗೆಯಲ್ಲಿ ಹಸಿ ಉಸುಕು ತುಂಬಿ ಮೊಣಕಾಲ ನಡುವೆ ಇಟ್ಟುಕೊಂಡರು. ನಾನು ತಿರುವಿದೆ. ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ದೊಡ್ಡದು ಮಾಡಿದವಳೂ ನಾನೇ. ಹೆಬ್ಬೆರಳ ಗಾತ್ರದ ಎಂಟು ತೂತು. ಒಂದೂ ಸೀಳಲಿಲ್ಲ. ತೂತಿಗೆ ಕಂಬಳಿಯ ಎಳೆ ಬಿಚ್ಚಿ ಗಿಜಿಗಿಜಿ ತುರುಕಿದೆವು. ಜೋಳದ ಕಾಳು ಅಲ್ಲಾಡಿಸಿದರೆ ತಾನೇ ಒಳಗೆ ಬೀಳುತ್ತಿತ್ತು. ಹುಣಸೆ ಬೀಜ ಬೀಳುತ್ತಿರಲಿಲ್ಲ. ಬೀಜಕ್ಕೆ ಕೆಂಪು ದಾರ ಕಟ್ಟಿ, ಛತ್ರಿ ತಂತಿಯ ಕೊಕ್ಕೆಗೆ ಸಿಕ್ಕಿಸಿ ದೂಡಿದರೆ ಹೋಗುತ್ತಿತ್ತು. ಒಳಗೆ ಒಂದು ಮುರುಕು ಬಳೆ ಅಂಟಿಸಿದ್ದರು. ಕೊಕ್ಕೆ ಅದಕ್ಕೆ ತಾಗಿದ ಕೂಡಲೇ ದಾರ ಜಾರುತ್ತಿತ್ತು, ಬೀಜ ಟಣ್ ಎಂದು ಒಳಗೆ ಬೀಳುತ್ತಿತ್ತು. ಹೊರಗೆ ಬರುವುದಕ್ಕೆ ಅರಿಶಿನದ ದಾರ, ಬೇರೆ ಕೊಕ್ಕೆ.

ಬಸವಕಲ್ಯಾಣಕ್ಕೆ ನಾನೂ ಜೊತೆಗೆ ಹೋದೆ. ಮಕ್ಕಳು ಸಾಲು ಹಚ್ಚಿದರು. ಒಬ್ಬ ಹುಡುಗಿ, "ಮಾಮಾ, ಗಡಿಗಿಗೆ ಬಾಯಿ ಅದಲ್ಲ, ಅಲ್ಲಿಂದೇ ಹಾಕಬಾರದೇನ್ರಿ?" ಎಂದಳು. ಎಲ್ಲರೂ ನಕ್ಕರು. ಇವರು ಹೆಗಲ ಮೇಲಿನ ವಸ್ತ್ರ ತೆಗೆದು ಗಡಿಗೆಯ ಬಾಯಿ ಬಿಗಿದರು. "ಇದಕ್ಕ ಬಾಯಿ ಇರಂಗಿಲ್ಲವ್ವಾ. ಬರೀ ತೂತೇ," ಎಂದರು.

ಆ ಹೊತ್ತಿಗೆ ಭುವನೇಶ್ವರಿ ಅಕ್ಕ ಬಂದಳು. ಇವರ ಒಡಹುಟ್ಟಿದವಳು, ಆರು ವರ್ಷ ದೊಡ್ಡವಳು. ಇವರನ್ನು ಎತ್ತಿ ಆಡಿಸಿದವಳು. ತಮ್ಮನ ಮಾಡೆಲ್ ನೋಡಲು ಹೊಸ ಸೀರೆ ಉಟ್ಟು ಬಂದಿದ್ದಳು. ಗಡಿಗೆ ನೋಡಿದಳು. ಕೆಮ್ಮಣ್ಣಿನ ಗೆರೆ ನೋಡಿದಳು. ಅದನ್ನು ಮದುವೆಯಲ್ಲಿ ತಲೆಯ ಮೇಲೆ ಹೊತ್ತು ತಂದವಳು ಅವಳೇ.

"ಇದು ನಿಮ್ಮ ಐರಾಣಿ ಅಲ್ಲೇನ?"

ನಾನು ಹೌದು ಎಂದೆ.

"ಯಾರು ಇಳಿಸಿ ಕೊಟ್ಟರು?"

ನಾನೇ ಎಂದೆ. ಅವಳು ಹಣೆ ಬಡಿದುಕೊಂಡು, ಮಕ್ಕಳ ಮುಂದೆಯೇ, "ನಿನ್ನ ಸಂಸಾರದ ಹೊಟ್ಟಿಗೆ ನೀನೇ ತೂತ ಹೊಡದಿ," ಎಂದಳು. ಚಹಾ ಸಹ ಕುಡಿಯದೆ ಹೋದಳು.

ಎರಡು ತಿಂಗಳಿಗೆ ಅವರ ಕೈ ಬಿತ್ತು.

ಹುಮನಾಬಾದ್, ಕಲಬುರಗಿ, ಹೈದರಾಬಾದ್. ಹೈದರಾಬಾದಿನ ದವಾಖಾನೆಯಲ್ಲಿ ಸ್ನಾಯುವಿಗೆ ಸೂಜಿ ಚುಚ್ಚಿ ನೋಡಿದರು. ಸ್ನಾಯು ನಡೆಸುವ ನರಗಳು ಸಾಯುತ್ತವೆ, ಇದಕ್ಕೆ ಔಷಧ ಇಲ್ಲ, ಎರಡು ಮೂರು ವರ್ಷ ಎಂದರು. ತಲೆಗೆ ಏನೂ ಆಗುವುದಿಲ್ಲ, ಎಲ್ಲ ತಿಳಿಯುತ್ತದೆ ಎಂದರು. ಅದನ್ನು ಒಳ್ಳೆಯ ಸುದ್ದಿಯ ಹಾಗೆ ಹೇಳಿದರು.

ಬಲಗೈ ಆಯಿತು, ಎಡಗೈ ಆಯಿತು. ಮರುವರ್ಷ ಕಾಲು. ಆಮೇಲೆ ನಾಲಿಗೆ. ನಾನು ಎತ್ತಿದೆ, ತೊಳೆದೆ, ಉಣ್ಣಿಸಿದೆ. ರೊಟ್ಟಿ ಹೋಗಿ ಅಂಬಲಿ ಆಯಿತು. ಅಂಬಲಿಯೂ ನೆತ್ತಿಗೆ ಏರುತ್ತಿತ್ತು. ಬೆಳಗಾಗುತ್ತಿತ್ತು, ಕಸ ಹೊಡೆಯುತ್ತಿದ್ದೆ, ಅವರನ್ನು ಹೊರಳಿಸುತ್ತಿದ್ದೆ, ಮತ್ತೆ ಸಂಜೆ ಆಗುತ್ತಿತ್ತು. ಅಳುವಷ್ಟು ಪುರಸತ್ತು ಇರಲಿಲ್ಲ.

ಆದರೆ ತಲೆಯೊಳಗೆ ಒಂದೇ ಕೂತಿತ್ತು. ಗಡಿಗೆ ಇಳಿಸಿ ಕೊಟ್ಟವಳು ನಾನು. ತಿರುವಿದವಳು ನಾನು. ಅಕ್ಕ ಬಂದಾಗಲೆಲ್ಲ ತಮ್ಮನ ಕಾಲು ತಿಕ್ಕುತ್ತ, "ಶಕ್ತಿ ಎಲ್ಲಿಂದ ಸೋರ್ತದ ನನಗ ಗೊತ್ತದ," ಎನ್ನುತ್ತಿದ್ದಳು. ಅವಳು ಹೇಳಿದಂತೆ ಹೊಸ ಐರಾಣಿ ತಂದು ಪೂಜೆ ಮಾಡಿದೆ. ಹನ್ನೊಂದು ಸೋಮವಾರ ಉಪವಾಸ ಮಾಡಿದೆ. ತೂತಿನ ಗಡಿಗೆ ಜೋಳದ ಕಣಜದ ಹಿಂದೆ ಮುಚ್ಚಿಟ್ಟೆ. ಅವರ ಕೈ ಏಳಲಿಲ್ಲ.

ಅಜೀಮುದ್ದೀನ್ ಸರ್ ಶುಕ್ರವಾರ ನಮಾಜ್ ಮುಗಿಸಿ ಬರುತ್ತಿದ್ದರು. 2007ರ ಜನವರಿಯಲ್ಲಿ ಒಂದು ಮಧ್ಯಾಹ್ನ ಬಂದವರು ಜೇಬಿನಿಂದ ಕಾಗದ ತೆಗೆದರು, ಮತ್ತೆ ಒಳಗೆ ಇಟ್ಟರು. ಇವರು ಅದನ್ನೇ ನೋಡಿದರು.

ಇವರ ಮಾತು ಆಗ ನನಗೊಬ್ಬಳಿಗೇ ತಿಳಿಯುತ್ತಿತ್ತು. ಅವರು ಒಂದು ಶಬ್ದ ಹೇಳುತ್ತಿದ್ದರು, ನಾನು ಗಟ್ಟಿಯಾಗಿ ಹೇಳುತ್ತಿದ್ದೆ, ಸರಿಯಿದ್ದರೆ ಕಣ್ಣು ಮುಚ್ಚುತ್ತಿದ್ದರು.

"ಹೇಳ್ರಿ ಅನ್ನಾಕತ್ತಾರ, ಸರ್," ಎಂದೆ.

ಸರ್ ನೆಲ ನೋಡುತ್ತ ಹೇಳಿದರು. "ಹೋದ ವರ್ಷ ಹೊರದೇಶದಾಗ ಒಂದು ಪತ್ತೆ ಹಚ್ಯಾರ ಶಂಕರಲಿಂಗ. ಈ ಬ್ಯಾನಿಯಿಂದ ಹೋದವರ ನರದ ಕೋಶ ನೋಡ್ಯಾರ. ಚುಕ್ಕಿ ಒಳಗ ಇರಬೇಕಾದ ಒಂದು ಪ್ರೋಟೀನ್ ಒಳಗ ಇಲ್ಲ. ಹೊರಗೇ ಗಂಟು ಕಟ್ಟಿ ಬಿದ್ದದ."

ಇವರು ಹೇಳಲು ಬಹಳ ಹೊತ್ತು ತೆಗೆದುಕೊಂಡರು.

"ಹಮಾಲ ಬರಲಿಲ್ಲೇನು, ಅಂತ ಕೇಳ್ತಾರ್ರಿ," ಎಂದೆ.

"ಹಮಾಲ ಬರಲಿಲ್ಲೋ, ತೂತ ಕಟ್ಟಿತೋ, ಮಾಲೇ ಕೆಟ್ಟಿತೋ. ಇನ್ನಾ ಯಾರಿಗೂ ಗೊತ್ತಿಲ್ಲಪ್ಪಾ."

ಇವರು ನಕ್ಕರು. ಆಗ ಅವರ ನಗು ಅಳುವಿನ ಹಾಗೆ ಕೇಳಿಸುತ್ತಿತ್ತು.

ನಾನು ಎರಡು ವರ್ಷ ನುಂಗಿಟ್ಟುಕೊಂಡದ್ದನ್ನು ಆಗ ಕೇಳಿಬಿಟ್ಟೆ. "ಸರ್, ನಾ ಗಡಿಗಿಗೆ ತೂತ ಹೊಡದದ್ದಕ್ಕ ಹಿಂಗಾಯ್ತೇನ್ರಿ?"

"ತೋಬಾ! ಏನ್ ಮಾತು ಭಾಬಿ? ಗಡಿಗಿಗೂ ಇದಕ್ಕೂ ಏನ್ ಸಂಬಂಧ? ತೂತ ಎಲ್ಲಾರಿಗೂ ಅದಾವ. ತೂತ ಇರದಿದ್ರ ಒಂದಿನಾನೂ ಬದುಕಂಗಿಲ್ಲ."

"ಯಾಕ ಬಂತು ಅನ್ನೋದು ನಿಮಗ ಗೊತ್ತಿಲ್ಲ ಅಂತ ಈಗೇ ಅಂದ್ರಿ. ಗೊತ್ತಿಲ್ಲದಾಗ ಗಡಿಗಿ ಅಲ್ಲ ಅಂತ ಹ್ಯಾಂಗ ಹೇಳ್ತೀರಿ?"

ಸರ್ ಜೇಬಿನ ಕಾಗದ ಮುಟ್ಟಿ ನೋಡಿಕೊಂಡರು. ಓದಿದವರು ಉತ್ತರಕ್ಕೆ ತಡಕಾಡಿದರೆ ನನಗೆ ಹೆದರಿಕೆಯಾಗುತ್ತದೆ.

ಹಾಸಿಗೆಯಿಂದ ಸಪ್ಪಳ ಬಂತು. ಬಾಗಿ ಕೇಳಿದೆ.

"ಮೂರು," ಎಂದೆ. ಕಣ್ಣು ಮುಚ್ಚಿದರು. "ಗಡಿಗಿ." ಮುಚ್ಚಿದರು. "ಮೂರು ಗಡಿಗಿ ಒಡದೂ." ಮುಚ್ಚಿದರು. ಆಮೇಲೆ "ಕೈ" ಎಂದರು. ಕೈ ಎತ್ತಿ ಬೇರೆ ಕಡೆ ಇಡಲು ಹೇಳುತ್ತಿದ್ದಾರೆ ಎಂದು ಎತ್ತಿ ಇಟ್ಟೆ. ಕಣ್ಣು ತೆರೆದೇ ಇತ್ತು. ಮತ್ತೆ ಅದೇ ಹೇಳಿದರು. ಬೆವರು ಬಂತು ಅವರಿಗೆ.

"ಮೊದಲೇ," ಎಂದೆ. "ಕೈ. ಮೊದಲೇ. ಕೈ ಮೊದಲೇ ಹೋಗಿತ್ತು."

ಕಣ್ಣು ಮುಚ್ಚಿದರು.

ಸರ್ ಕುರ್ಚಿಯಿಂದ ಎದ್ದರು. "ಭಾಬಿ, ಖರೇ ಅದ. ದೀಪಾವಳಿ ಮುಗದ ಮ್ಯಾಲಿಂದ ಇವನ ಗಾಜಿನಾಗ ಗುಳ್ಳಿ ಬರಾಕತ್ತಿದ್ದವು. ಹದಿನೈದು ವರ್ಷದಾಗ ಒಂದು ಗುಳ್ಳಿ ಇಲ್ಲ. ನಾನು ಬೈದೆ. ಧ್ಯಾನ ಎಲ್ಲಿ ಅದ ನಿಂದು ಅಂತ ಹುಡುಗರ ಮುಂದ ಬೈದೆ."

ಆ ವರ್ಷ ದೀಪಾವಳಿ ನವೆಂಬರಿನಲ್ಲಿ. ಗಡಿಗೆ ಇಳಿಸಿದ್ದು ಡಿಸೆಂಬರಿನಲ್ಲಿ.

ನನಗೆ ಒಂದೊಂದೇ ನೆನಪಾಯಿತು. ನೀ ತಿರುವು, ನಾ ಹಿಡೀತೀನಿ. ನೀ ಸುಲಿ, ಬರ್ತದೇನು ನೋಡೋಣು. ಗುಂಡಿ ಹಾಕು. ಎಲ್ಲ ನನ್ನ ಕಣ್ಣ ಮುಂದೆಯೇ ನಡೆದಿತ್ತು. ಸಂತೆಯ ಗಡಿಗೆ ಸರಿಯಾಗಿಯೇ ಬೆಂದಿದ್ದವು. ಅವರ ಹಿಡಿತ ತಪ್ಪಿ ಒಡೆದಿದ್ದವು.

"ಯಾಕ ಹೇಳಲಿಲ್ರಿ?" ಎಂದೆ.

"ನೌಕರಿ," ಎಂದರು. ಅದನ್ನು ನಾನು ಗಟ್ಟಿಯಾಗಿ ಹೇಳಲಿಲ್ಲ. ಸರ್ ಕೇಳಲೂ ಇಲ್ಲ.

ಅವತ್ತು ಸಂಜೆ ಅವರಿಗೆ ಅಂಬಲಿ ಕುಡಿಸುವಾಗ ಒಂದೂ ಮಾತು ಆಡಲಿಲ್ಲ ನಾನು. ಎರಡು ವರ್ಷ ನಾನು ಹೊತ್ತದ್ದು ಅವರ ಒಂದು ಮಾತಿನಿಂದ ಇಳಿಯುತ್ತಿತ್ತು. ಅವರು ಮಾತು ಬರುವಾಗ ಆಡಲಿಲ್ಲ. ನಾನೂ ಅವರನ್ನು ಕೇಳಿರಲಿಲ್ಲ, ಅದೂ ಖರೆ. ಕೇಳಿದರೆ ನಿನ್ನಿಂದಲೇ ಎಂದಾರು ಎಂಬ ಹೆದರಿಕೆ. ಮರುದಿನ ಬೆಳಿಗ್ಗೆ ಮುಖ ಒರೆಸುವಾಗ ನನ್ನನ್ನೇ ನೋಡುತ್ತಿದ್ದರು. "ಆಯ್ತು ಬಿಡ್ರಿ," ಎಂದೆ. ಕಣ್ಣು ಮುಚ್ಚಿದರು. ಗಡಿಗೆಯನ್ನು ಕಣಜದ ಹಿಂದಿನಿಂದ ತೆಗೆದು, ಜೇಡರ ಬಲೆ ಒರೆಸಿ, ಅವರಿಗೆ ಕಾಣುವ ಹಾಗೆ ಮಾಡದಲ್ಲಿ ಇಟ್ಟೆ.

ಆಗಸ್ಟಿನಲ್ಲಿ, ಶ್ರಾವಣದ ಒಂದು ಗುರುವಾರ ಮಧ್ಯಾಹ್ನ, ಉಸಿರು ನಿಂತಿತು. ನಲವತ್ತೊಂಬತ್ತು ವರ್ಷ. ಹುಡಗಿಯ ಹೊಲದಲ್ಲೇ ಮಣ್ಣು ಮಾಡಿದರು. ಕಾಲೇಜಿನ ಹುಡುಗರು ಬಂದಿದ್ದರು. ಸರ್ ಒಂದು ಹಿಡಿ ಮಣ್ಣು ಹಾಕಿ ದೂರ ಹೋಗಿ ನಿಂತರು.

ಮೂರನೆಯ ದಿನ ಅಕ್ಕ ಮಾಡದ ಕಡೆ ನೋಡಿ, "ಇನ್ನಾ ಅದನ್ನ ಇಟಗೊಂಡೀದೇನ? ಒಯ್ದು ಹಳ್ಳಕ್ಕ ಒಗಿ," ಎಂದಳು.

"ಯಾಕ ಒಗೀಲಿ ಅಕ್ಕಾ? ಅದು ಒಡದಿಲ್ಲ."

ಕೂಡಿಸಿಕೊಂಡು ಎಲ್ಲ ಹೇಳಿದೆ. ಮೂರು ಗಡಿಗೆ, ಗುಳ್ಳೆ, ದೀಪಾವಳಿ. ಅವಳು ಕೇಳಿದಳು. ಬೆರಳಿನಲ್ಲಿ ತಿಂಗಳು ಎಣಿಸಿದಳು.

"ನನಗೂ ಹೇಳಲಿಲ್ಲ ಅಂವ," ಎಂದಳು.

"ಯಾರಿಗೂ ಹೇಳಲಿಲ್ಲ."

"ಸಣ್ಣಾಂವ ಇದ್ದಾಗೂ ಹಂಗೇ. ಮುಳ್ಳು ನಟ್ರ ಕೀವು ಆಗೋತನಕ ಹೇಳ್ತಿರಲಿಲ್ಲ ಹಾಳಾದಾಂವ."

ನನ್ನ ಮೊಣಕಾಲಿನ ಮೇಲೆ ತಲೆ ಇಟ್ಟು ಅತ್ತಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟುಕೊಂಡು ಕುಳಿತೆ. ಸಿಟ್ಟು ಇತ್ತು. ಈಗ ಇಲ್ಲ. ಅದನ್ನು ಇಟ್ಟುಕೊಳ್ಳಲು ಮೈಯಲ್ಲಿ ಶಕ್ತಿ ಇಲ್ಲ. ಚಹಾ ಮಾಡಿ ಕೊಟ್ಟೆ. ಕುಡಿದು ಬಸವಕಲ್ಯಾಣದ ಬಸ್ ಹತ್ತಿದಳು.

ರೂಪಾಲಿಯನ್ನು ದುಬಲಗುಂಡಿಗೆ ಕೊಟ್ಟಿದ್ದೇನೆ. ಅವಳ ಅತ್ತೆ ಮನೆಯಲ್ಲಿ ಎಲ್ಲರಿಗೂ ಮೊಳಕೆ ಕಾಳಿನ ಪಲ್ಯ ಬೇಕು. ನನಗೆ ಒಬ್ಬಳಿಗೂ ಅದೇ ಸಾಕು.

ಬೆಳಿಗ್ಗೆ ಎದ್ದು ಮೊದಲು ಆ ಗಡಿಗೆ ಇಳಿಸುತ್ತೇನೆ. ಕಂಬಳಿಯ ಎಳೆ ಎಂದೋ ಹುಳ ತಿಂದವು. ಒಳಗೆ ಅವರ ಧೋತ್ರದ ಹಳೆಯ ತುಂಡು ಹಾಸಿರುತ್ತೇನೆ. ಹಿಂದಿನ ದಿನ ನೆನೆಸಿದ ಹೆಸರುಕಾಳು ಅದರಲ್ಲಿ ಇರುತ್ತವೆ. ಎರಡು ತಂಬಿಗೆ ನೀರು ಹುಯ್ಯುತ್ತೇನೆ. ನೀರು ಎಂಟೂ ತೂತಿನಿಂದ ಇಳಿಯುತ್ತದೆ. ಪೂರ್ತಿ ಇಳಿಯುವ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತೇನೆ. ಹೆಬ್ಬೆರಳು ಸರಿಯಾಗಿ ಹಿಡಿದಿದೆಯೋ ಎಂದು ನೋಡಿಕೊಳ್ಳುತ್ತೇನೆ. ಆಮೇಲೆ ಗಡಿಗೆಯ ಬಾಯಿಗೆ ಒದ್ದೆ ವಸ್ತ್ರ ಕಟ್ಟಿ, ಮತ್ತೆ ಮಾಡದಲ್ಲಿ ಇಟ್ಟು, ಒಲೆ ಹಚ್ಚುತ್ತೇನೆ.